ಮೊಂತಿ ಹಬ್ಬದ ಹೂವು, ಬತ್ತಿದ ಬಾವಿ ಮತ್ತು ಮರಳಿ ಬಂದ ಪರಿಸರ ಪ್ರೀತಿ



ಆಗಸ್ಟ್ 30ರಂದು ಮೊಂತಿ ಹಬ್ಬದ ನೊವೆನಾ ಶುರುವಾಯಿತೆಂದರೆ ನಮ್ಮ ಕರಾವಳಿಯ ಚರ್ಚುಗಳ ಅಂಗಳ ಮಕ್ಕಳಿಂದ ತುಂಬಿಹೋಗುತ್ತದೆ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. 2016ರ ನೊವೆನಾದ ಮೂರನೆಯ ದಿನ, ಕ್ರೈಸ್ತ ಶಿಕ್ಷಣದ ತರಗತಿ ನಡೆಸುವ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದ ತುಂಬ ಹಳದಿ ಸೇವಂತಿಗೆ. "ಇದು ಯಾವ ಹೂವು ಮಗಾ?" ಎಂದು ಸುಮ್ಮನೆ ಕೇಳಿದೆ. "ಅಂಗಡಿ ಹೂವು ಸರ್" ಎಂದಳು. ಅವಳ ಹಿಂದೆ ನಿಂತಿದ್ದ ಹುಡುಗನಿಗೆ, "ನಿನಗೆ ತುಂಬೆ ಹೂವು ಗೊತ್ತುಂಟಾ?" ಎಂದು ಕೇಳಿದರೆ, "ತುಂಬೆಯಲ್ಲಿ ಡ್ಯಾಮ್ ಉಂಟು ಸರ್" ಎಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಂಗಳೂರು ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನ ಹೆಸರು ಆ ಬೇಸಗೆಯಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಏಕೆಂದರೆ ಅಲ್ಲಿ ನೇತ್ರಾವತಿಯ ನೀರು ತಳ ಕಂಡಿತ್ತು. ಹುಡುಗನ ಉತ್ತರ ತಪ್ಪೇನಲ್ಲ. ಆದರೆ ಮನೆಗೆ ನಡೆದು ಹೋಗುವಾಗ ನನ್ನನ್ನು ಕಾಡಿದ್ದು ಬೇರೆ ವಿಷಯ. ದಾರಿಯ ಬದಿಯಲ್ಲಿ ಬೆಳೆದಿದ್ದ ಹತ್ತಾರು ಗಿಡಗಳಲ್ಲಿ ನಾಲ್ಕೈದರ ಹೆಸರು ಮಾತ್ರ ನನಗೆ ನೆನಪಾಯಿತು. ಒಂದು ಕಾಲದಲ್ಲಿ ಅವೆಲ್ಲವೂ ನನಗೆ ಗೊತ್ತಿದ್ದವು.

ಈ ಲೇಖನದಲ್ಲಿ ಧರ್ಮಸಭೆಯು ಪರಿಸರದ ಕುರಿತು ಹೇಳುವ 'ಮನಃಪರಿವರ್ತನೆ' ಎಂದರೇನು, ಅದು ನಮ್ಮ ಧರ್ಮಕೇಂದ್ರಗಳಲ್ಲಿ ಹೇಗೆ ಆರಂಭವಾಗಬಹುದು ಎಂಬುದನ್ನು ತಿಳಿಸಲು ಪ್ರಯತ್ನಿಸಿದ್ದೇನೆ. ನನ್ನದೇ ತಪ್ಪುಗಳನ್ನು ಹೇಳದೆ ಇದನ್ನು ವಿವರಿಸಲು ನನಗೆ ಬರುವುದಿಲ್ಲ. ಆದ್ದರಿಂದ ಅವುಗಳಿಂದಲೇ ಆರಂಭಿಸುತ್ತೇನೆ.

ಉತ್ಸಾಹ ಬಂದದ್ದು, ಹೋದದ್ದು

ನಾವು ಚಿಕ್ಕವರಿದ್ದಾಗ ನೊವೆನಾದ ಹೂವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಪದವಿಗೆ ಓಡುವುದು, ಬೇಲಿ ಬೇಲಿ ಹುಡುಕುವುದು, ಪಕ್ಕದ ಮನೆಯವರು ಏಳುವ ಮೊದಲೇ ಅವರ ದಾಸವಾಳ ಕೊಯ್ಯುವುದು (ಇದನ್ನು ಪಾಪನಿವೇದನೆಯಲ್ಲಿ ಹೇಳಿದ್ದೂ ಉಂಟು). ಮಳೆಗಾಲದ ಕೊನೆಗೆ ಮುರಕಲ್ಲಿನ ಪದವಿನ ಮೇಲೆ ಗೌರಿ ಹೂ, ತುಂಬೆ, ಬಂಡೆಯ ತೇವದಲ್ಲಿ ಅರಳುವ ನೀಲಿ ಬಣ್ಣದ ಪುಟ್ಟ ಹೂಗಳು, ಬೇಲಿಯ ಸಾಲಿನಲ್ಲಿ ಕೆಂಪು ರಥಪುಷ್ಪ. ಯಾರ ಬುಟ್ಟಿಯಲ್ಲಿ ಹೆಚ್ಚು ಬಗೆಯ ಹೂವಿದೆ ಎಂಬುದೇ ನಮ್ಮ ಪೈಪೋಟಿ. ಹಾಗಾಗಿ ಹೆಸರು ತಿಳಿಯಲೇಬೇಕಿತ್ತು.

ಯುವಕನಾದಾಗ ಆ ಪ್ರೀತಿ ಸಂಘಟನೆಯ ರೂಪ ಪಡೆಯಿತು. 1980ರ ದಶಕದಲ್ಲಿ ಧರ್ಮಕೇಂದ್ರದ ಯುವಕರು ಸೇರಿ ಪ್ರತಿ ಮಳೆಗಾಲದಲ್ಲೂ ಗಿಡ ನೆಡುತ್ತಿದ್ದೆವು. ಆಗ ಸುಲಭವಾಗಿ ಸಿಗುತ್ತಿದ್ದದ್ದು ಅಕೇಶಿಯಾ. ನೂರಾರು ನೆಟ್ಟೆವು. ಅದರ ಎಲೆಯನ್ನು ದನ ಮುಟ್ಟುವುದಿಲ್ಲ, ಬಿದ್ದ ಎಲೆ ಬೇಗ ಕೊಳೆಯುವುದಿಲ್ಲ, ಅದರಡಿ ನಮ್ಮ ಪದವಿನ ಹೂಗಿಡಗಳು ಮೇಲೇಳುವುದಿಲ್ಲ ಎಂಬುದು ತಿಳಿಯಲು ಹತ್ತು ವರ್ಷ ಬೇಕಾಯಿತು. ಅಂದರೆ ನಾನು ಹೂವು ಕೊಯ್ಯುತ್ತಿದ್ದ ಜಾಗವನ್ನು ನಾನೇ ಪರಿಸರ ಪ್ರೇಮದಿಂದ ಹಾಳುಮಾಡಿದ್ದೆ! ನಂತರದ ವರ್ಷಗಳಲ್ಲಿ ಗಿಡ ನೆಡುವುದು ಫೋಟೋ ತೆಗೆಯುವ ಕಾರ್ಯಕ್ರಮವಾಯಿತು. ಕಳೆದ ವರ್ಷ ಸತ್ತ ಗಿಡದ ಗುಂಡಿಯಲ್ಲೇ ಈ ವರ್ಷದ ಅತಿಥಿಗಳಿಂದ ಹೊಸ ಗಿಡ ನೆಡಿಸುತ್ತಿದ್ದೆವು. ಗುಂಡಿ ತೋಡುವ ಶ್ರಮವಾದರೂ ಉಳಿಯುತ್ತಿತ್ತು.

1990ರ ದಶಕದಲ್ಲಿ ನಂದಿಕೂರಿನ ಉಷ್ಣ ವಿದ್ಯುತ್ ಯೋಜನೆಯ ವಿರುದ್ಧ ಕರಾವಳಿಯ ಜನ ಹೋರಾಡಿದಾಗ ನಾನೂ ಸಭೆಗಳಿಗೆ ಹೋಗಿದ್ದೆ. 1999ರಲ್ಲಿ ಆ ಕಂಪನಿ ಹಿಂದೆ ಸರಿಯಿತು. ನಾವು ಗೆದ್ದೆವೆಂದು ಸಿಹಿ ಹಂಚಿದೆವು. 2010ರಲ್ಲಿ ಅದೇ ಪರಿಸರದಲ್ಲಿ ಇನ್ನೊಂದು ಕಲ್ಲಿದ್ದಲು ಸ್ಥಾವರ ಕೆಲಸ ಆರಂಭಿಸಿತು. ಅಷ್ಟರಲ್ಲಿ ನನಗೆ ಮದುವೆ, ಮಕ್ಕಳು, ಸಾಲ. "ನಮ್ಮಿಂದ ಏನೂ ಆಗುವುದಿಲ್ಲ" ಎಂಬ ಮಾತು ಬಾಯಿಗೆ ಅಭ್ಯಾಸವಾಗಿತ್ತು. ಪರಿಸರದ ಬಗ್ಗೆ ಯಾರಾದರೂ ಪ್ರಬೋಧನೆ ಮಾಡಿದರೆ ಗಡಿಯಾರ ನೋಡುತ್ತಿದ್ದೆ.

ಇದಕ್ಕೂ ಮೊದಲೇ ಒಂದು ಕೆಲಸ ಮಾಡಿ ಮುಗಿಸಿದ್ದೆ. 2005ರಲ್ಲಿ ತಂದೆಯವರ ಕಾಲದ ನಲವತ್ತು ಸೆಂಟ್ಸ್ ಬೈಲು ಗದ್ದೆಗೆ ಲಾರಿಗಟ್ಟಲೆ ಮಣ್ಣು ಹೊಡೆಸಿ ಮಟ್ಟ ಮಾಡಿಸಿದೆ. ಆಳುಗಳು ಸಿಗುತ್ತಿರಲಿಲ್ಲ, ಬೇಸಾಯದಲ್ಲಿ ಗಿಟ್ಟುತ್ತಿರಲಿಲ್ಲ, ಮನೆ ಕಟ್ಟಲು ಜಾಗ ಬೇಕಿತ್ತು. ಇವೆಲ್ಲ ನಿಜ. ಆದರೂ ಮಣ್ಣು ತುಂಬಿಸಿದವನು ನಾನೇ.

ಬೆಟ್ಟು, ಮಜಲು, ಬೈಲು

ಗದ್ದೆ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹೊಸ ತಲೆಮಾರಿಗೆ ಇದು ಶಾಲೆಯಲ್ಲೂ ಸಿಗುವುದಿಲ್ಲ, ಮನೆಯಲ್ಲೂ ಸಿಗುವುದಿಲ್ಲ.

ತುಳುನಾಡಿನ ಹಿರಿಯರು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಮೂರು ವಿಧ ಮಾಡಿದ್ದರು. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ಅದರ ಕೆಳಗಿನ ಮಜಲಿನಲ್ಲಿ ಏಣೆಲಿನ ನಂತರ ಸುಗ್ಗಿ ಬೆಳೆಯೂ ಆಗುತ್ತದೆ. ಎಲ್ಲಕ್ಕಿಂತ ತಗ್ಗಿನ ಬೈಲಿನಲ್ಲಿ ನೀರು ಇದ್ದರೆ ಮೂರನೆಯ ಬೆಳೆಯಾದ ಕೊಳಕೆಯನ್ನೂ ತೆಗೆಯಬಹುದು. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ಇಂಗಿ, ಗುಡ್ಡೆಯ ಬದಿಯಲ್ಲಿ ಒರತೆಯಾಗಿ ಹೊರಬಂದು, ಬೆಟ್ಟು ಮಜಲುಗಳನ್ನು ದಾಟಿ ಬೈಲಿಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪಿನಿಂದ 'ಕಟ್ಟ' ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಆ ಕೆಲಸಕ್ಕೆ ಊರಿನ ಎಲ್ಲ ಮನೆಗಳಿಂದ ಜನ ಬರುತ್ತಿದ್ದರು. ಅದರಲ್ಲಿ ನಮ್ಮವರು, ಅವರವರು ಎಂಬ ಭೇದ ಇರಲಿಲ್ಲ. ಏಕೆಂದರೆ ಕಟ್ಟದ ನೀರು ಎಲ್ಲರ ಬಾವಿಗೂ ಹೋಗುತ್ತದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ 2016, 2019 ಮತ್ತು 2023ರ ಬೇಸಗೆಗಳಲ್ಲಿ ನಗರದ ಜನ ಕೊಡಪಾನ ಹಿಡಿದು ಟ್ಯಾಂಕರಿಗೆ ಕಾದರೆಂದು ಹೇಳಿದರೆ ಬಯಲುಸೀಮೆಯವರು ನಂಬುವುದಿಲ್ಲ. ಕಾರಣ ಸರಳ. ಈ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಬೀಳುತ್ತದೆ, ನಮ್ಮ ಇಳಿಜಾರಿನ ನೆಲದಿಂದ ಸಮುದ್ರ ದೂರವಿಲ್ಲ. ಹರಿಯುವ ನೀರನ್ನು ತಡೆದು ನಿಲ್ಲಿಸುತ್ತಿದ್ದದ್ದು ಪದವು, ಕಾಡು, ಮದಕ, ಕಟ್ಟ ಮತ್ತು ಗದ್ದೆ. ನಲವತ್ತು ಸೆಂಟ್ಸ್ ಗದ್ದೆಯಲ್ಲಿ ಎರಡು ಇಂಚು ನೀರು ನಿಂತರೆ ಅದು ಸುಮಾರು 80,000 ಲೀಟರ್. ಇದು ಒಂದು ಸಲದ ಲೆಕ್ಕ. ಗದ್ದೆ ನೀರನ್ನು ಬದುಗಳ ಬದಿಯಿಂದ ನಿಧಾನವಾಗಿ ಕೆಳಕ್ಕೆ ಬಿಡುತ್ತದೆ, ಮತ್ತೆ ಮಳೆ ಬಂದು ತುಂಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ನಡೆಯುತ್ತಲೇ ಇರುತ್ತದೆ.

ನಾನು ಮಣ್ಣು ತುಂಬಿಸಿದ ಗದ್ದೆಯ ಕೆಳಗಿನ ಮನೆಯವರು ನಮಗೆ ಮೂರು ತಲೆಮಾರಿನಿಂದ ನೆರೆಯವರು. 2016ರ ಏಪ್ರಿಲ್‌ನಲ್ಲಿ ಅವರ ಬಾವಿ ಬತ್ತಿತು. ಎಂಬತ್ತು ದಾಟಿದ ಅವರ ತಾಯಿ ಕೊಡಪಾನ ಸೊಂಟಕ್ಕಿಟ್ಟು ಚರ್ಚಿನ ಬಾವಿಗೆ ಬರುವುದನ್ನು ಆದಿತ್ಯವಾರದ ಪೂಜೆ ಮುಗಿಸಿ ಬರುವಾಗ ನೋಡಿದೆ. ಚರ್ಚಿನ ಬಾವಿಯಲ್ಲೂ ಮೂರಡಿ ನೀರು ಮಾತ್ರ ಇತ್ತು. ನಾನು ಕಾರು ನಿಲ್ಲಿಸಿ ಅವರ ಮಗನ ಹತ್ತಿರ, "ಏನು ಮಾರಾಯ್ರೇ, ಬೋರ್‌ವೆಲ್ ಆದರೂ ಹಾಕಿಸಬಾರದಾ?" ಎಂದೆ. ಅವರು ಕೋಪದಿಂದ ಮಾತನಾಡಲಿಲ್ಲ. "ಪೊರ್ಬುಳೇ, ನಿಮ್ಮ ಗದ್ದೆಯಲ್ಲಿ ನೀರು ನಿಲ್ಲುತ್ತಿದ್ದಷ್ಟು ವರ್ಷ ನಮ್ಮ ಬಾವಿ ಒಮ್ಮೆಯೂ ಒಣಗಿರಲಿಲ್ಲ" ಎಂದರು. ಅಷ್ಟೇ. ಹನ್ನೊಂದು ವರ್ಷ ಅವರು ಈ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆಂದು ಕಾಣುತ್ತದೆ.

ಧರ್ಮಸಭೆ ಹೇಳುವುದೇನು?

ಆ ಮಳೆಗಾಲದಲ್ಲಿ, ಹೂವಿನ ಘಟನೆಯ ನಂತರ, ನಮ್ಮ ಧರ್ಮಗುರುಗಳಿಂದ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರ 'ಲೌದಾತೊ ಸಿ' ವಿಶ್ವಪತ್ರವನ್ನು ಪಡೆದು ಓದಿದೆ. 2015ರ ಮೇ 24ರ ದಿನಾಂಕದ ಈ ವಿಶ್ವಪತ್ರ ಹೊರಬಂದಾಗ ಅದರ ಬಗ್ಗೆ ಭಾಷಣ ಕೇಳಿದ್ದೆನೇ ಹೊರತು ಪುಸ್ತಕ ತೆರೆದಿರಲಿಲ್ಲ. ನಮ್ಮಲ್ಲಿ ಅನೇಕರ ಕಥೆ ಇದೇ ಇರಬಹುದು. ಆರು ಅಧ್ಯಾಯಗಳು, 246 ಪರಿಚ್ಛೇದಗಳು. ಮೊದಲಿನಿಂದ ಓದಲು ಕಷ್ಟವಾದರೆ ಆರನೆಯ ಅಧ್ಯಾಯದಿಂದ ಆರಂಭಿಸಿ ಎಂದು ನಾನು ಧೈರ್ಯದಿಂದ ಹೇಳುತ್ತೇನೆ. 'ಪರಿಸರ ಸಂಬಂಧಿ ಮನಃಪರಿವರ್ತನೆ' ಎಂಬ ವಿಷಯ ಬರುವುದು ಅಲ್ಲಿ, 216ನೇ ಪರಿಚ್ಛೇದದಿಂದ ಮುಂದೆ.

ಈ ಮಾತು ಪೋಪ್ ಫ್ರಾನ್ಸಿಸ್‌ರವರು ಹೊಸದಾಗಿ ತಂದದ್ದಲ್ಲ. ಸಂತ ಎರಡನೆಯ ಜಾನ್ ಪೌಲ್‌ರವರು 2001ರ ಜನವರಿಯಲ್ಲೇ ಇದನ್ನು ಬಳಸಿದ್ದರು. ಅದಕ್ಕೂ ಮೊದಲು 1979ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್‌ರವರನ್ನು ಪರಿಸರ ರಕ್ಷಕರ ಪಾಲಕ ಸಂತರೆಂದು ಘೋಷಿಸಿದ್ದರು. ಮನಃಪರಿವರ್ತನೆ ಎಂಬ ಪದವನ್ನು ನಾವು ತಪಸ್ಸು ಕಾಲದಲ್ಲಿ ಬಹಳ ಸಲ ಕೇಳುತ್ತೇವೆ: ಪಾಪವನ್ನು ಗುರುತಿಸುವುದು, ಪಶ್ಚಾತ್ತಾಪಪಡುವುದು, ಪರಿಹಾರ ಮಾಡುವುದು, ಬದಲಾದ ರೀತಿಯಲ್ಲಿ ಬದುಕುವುದು. ಇದೇ ದಾರಿಯನ್ನು ಸೃಷ್ಟಿಯೊಂದಿಗಿನ ನಮ್ಮ ಸಂಬಂಧಕ್ಕೂ ಅನ್ವಯಿಸಬೇಕೆಂಬುದು ವಿಶ್ವಪತ್ರದ ಬೋಧನೆ. ಭೂಮಿಗೆ, ನೀರಿಗೆ, ಗಾಳಿಗೆ ಮಾಡುವ ಹಾನಿಯೂ ಪಾಪವೇ ಎಂಬ ಆರ್ಥೊಡಾಕ್ಸ್ ಸಭೆಯ ಮಹಾಪಿತೃ ಬಾರ್ತೊಲೊಮೆಯೊ ಅವರ ವಿಚಾರವನ್ನು ಪೋಪ್‌ರವರು ಆರಂಭದಲ್ಲೇ ನೆನಪಿಸುತ್ತಾರೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ತೋಟದಲ್ಲಿ ಮನುಷ್ಯನಿಗೆ ಎರಡು ಕೆಲಸ ಒಪ್ಪಿಸುತ್ತಾರೆ, ದುಡಿಮೆ ಮತ್ತು ಕಾವಲು. ಮೊದಲನೆಯದನ್ನು ನಾವು ಚೆನ್ನಾಗಿ ಮಾಡಿದ್ದೇವೆ.

ಪಾಪನಿವೇದನೆಗೆ ಹೋಗುವಾಗ ನಾನು ಐವತ್ತು ವರ್ಷಗಳಲ್ಲಿ ಒಮ್ಮೆಯೂ ನೀರಿನ ಬಗ್ಗೆ ಹೇಳಿರಲಿಲ್ಲ. ದಾಸವಾಳ ಕದ್ದದ್ದನ್ನು ಹೇಳಿದ್ದೆ, ಬಾವಿ ಒಣಗಿಸಿದ್ದನ್ನು ಹೇಳಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಹೇಳಿದೆ. ಗುರುಗಳು ಏನು ಹೇಳಿದರೆಂಬುದು ಇಲ್ಲಿ ಬರೆಯುವ ವಿಷಯವಲ್ಲ.

ಕೆಲವರು ನನ್ನನ್ನು ಕೇಳಿದ್ದುಂಟು: "ಇದೆಲ್ಲ ಪ್ರಕೃತಿ ಪೂಜೆ ಆಗಲಿಲ್ಲವೇ? ಆತ್ಮದ ರಕ್ಷಣೆ ಬಿಟ್ಟು ಮರಗಿಡದ ಹಿಂದೆ ಹೋಗಬೇಕೇ?" ಪ್ರಶ್ನೆ ಪ್ರಾಮಾಣಿಕವಾದದ್ದು. ಸೃಷ್ಟಿಯನ್ನು ದೇವರೆಂದು ಭಾವಿಸುವುದು ನಮ್ಮ ವಿಶ್ವಾಸವಲ್ಲ, ವಿಶ್ವಪತ್ರವೂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಂತ ಫ್ರಾನ್ಸಿಸ್‌ರವರು ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದದ್ದು ಎಲ್ಲರಿಗೂ ತಂದೆ ಒಬ್ಬರೇ ಎಂಬ ಕಾರಣಕ್ಕೆ. ಇನ್ನೊಂದು ಮಾತು. ನೀರು ಬತ್ತಿದಾಗ ಮೊದಲು ಕಷ್ಟಪಡುವವರು ಟ್ಯಾಂಕರಿಗೆ ಹಣ ಕೊಡಲಾಗದವರು. ಕುಡಿಯುವ ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು 30ನೇ ಪರಿಚ್ಛೇದ ಹೇಳುತ್ತದೆ. ಎಂಬತ್ತು ವರ್ಷದ ಆ ತಾಯಿಯ ಕೊಡಪಾನವನ್ನು ಕಂಡವನಿಗೆ ಇದು ಪ್ರಕೃತಿ ಪೂಜೆಯೋ ಪರಸ್ನೇಹವೋ ಎಂಬ ಸಂದೇಹ ಉಳಿಯುವುದಿಲ್ಲ.

ನಮ್ಮ ಸಭೆಯಲ್ಲಿ ಗಿಡಗಳನ್ನು ಪ್ರೀತಿಸಿದವರು ಹಿಂದೆಯೂ ಇದ್ದರು. ಯೇಸುಸಭೆಯ ವಂದನೀಯ ಸೆಸಿಲ್ ಸಲ್ಡಾನ್ಹಾರವರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಹಾಸನ ಜಿಲ್ಲೆಯ ಸಸ್ಯಗಳ ಕುರಿತು 1976ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದರು. ನಂತರ ಇಡೀ ಕರ್ನಾಟಕದ ಸಸ್ಯಗಳನ್ನು ದಾಖಲಿಸುವ ಕೆಲಸಕ್ಕೆ ತಮ್ಮ ಜೀವನವನ್ನೇ ಕೊಟ್ಟರು. ಪ್ರೀತಿಸುವ ವಸ್ತುವಿನ ಹೆಸರನ್ನಾದರೂ ತಿಳಿದಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಚರ್ಚಿನ ಮಾಡಿನ ನೀರು

ಪರಿಹಾರ ಮಾಡಬೇಕಲ್ಲ? ನನ್ನ ಗದ್ದೆಯ ಮೇಲೆ ಮನೆ ಎದ್ದಾಗಿತ್ತು, ಅದನ್ನು ತೆಗೆಯಲು ಸಾಧ್ಯವಿರಲಿಲ್ಲ. ಆದರೆ ಮಾಡಿನ ನೀರು ರಸ್ತೆಗೆ ಹೋಗುತ್ತಿತ್ತು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಉಳಿದ ಲೆಕ್ಕವನ್ನು ಯಾರೂ ಮಾಡಬಹುದು. ಸಾವಿರ ಚದರಡಿಯ ಮನೆ ಎಂದರೆ ಸುಮಾರು 93 ಚದರ ಮೀಟರ್. ನಮ್ಮ ಮಳೆಗೆ ವರ್ಷಕ್ಕೆ ಮೂರು ಲಕ್ಷ ಲೀಟರ್‌ಗೂ ಹೆಚ್ಚು ನೀರು ಆ ಮಾಡಿನಿಂದ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ನಷ್ಟವಾದರೂ ಎರಡೂವರೆ ಲಕ್ಷ ಲೀಟರ್ ಉಳಿಯುತ್ತದೆ. ಆರು ಸಾವಿರ ಚದರಡಿಯ ಚರ್ಚಿನ ಮಾಡಾದರೆ 15 ಲಕ್ಷ ಲೀಟರ್. ಜಲಪತ್ರಕರ್ತರೂ 'ಅಡಿಕೆ ಪತ್ರಿಕೆ'ಯ ಸಂಪಾದಕರೂ ಆದ ಶ್ರೀ ಪಡ್ರೆಯವರು ದಶಕಗಳಿಂದ ಕನ್ನಡದಲ್ಲಿ ಇದನ್ನೇ ಬರೆಯುತ್ತ ಬಂದಿದ್ದಾರೆ. ನಾನು ಓದಿರಲಿಲ್ಲ.

ಮೊದಲು ನಮ್ಮ ಮನೆಯ ಮಾಡಿನ ನೀರನ್ನು ನೆರೆಯವರ ಒಪ್ಪಿಗೆ ಪಡೆದು ಅವರ ಬಾವಿಯ ಮೇಲಿನ ಬದಿಯ ಇಂಗುಗುಂಡಿಗೆ ತಿರುಗಿಸಿದೆ. ನಂತರ ಚರ್ಚಿನ ವಿಷಯವನ್ನು ಪಾಲನಾ ಪರಿಷತ್ತಿನ ಸಭೆಯಲ್ಲಿ ಎತ್ತಿದೆ. ಖರ್ಚಿನ ಬಗ್ಗೆ ಚರ್ಚೆಯಾಯಿತು. ಗ್ರೊಟ್ಟೊಗೆ ಬಣ್ಣ ಹೊಡೆಸುವುದು ಮೊದಲೋ ಬಾವಿ ಮೊದಲೋ ಎಂಬ ಮಾತೂ ಬಂತು. ಕೊನೆಗೆ ಹಿರಿಯ ಗುರಿಕಾರರೊಬ್ಬರು, "ಬಾವಿಯಲ್ಲಿ ನೀರಿಲ್ಲದಿದ್ದರೆ ಜ್ಞಾನಸ್ನಾನ ಎಲ್ಲಿ ಕೊಡುವುದು?" ಎಂದಾಗ ಎಲ್ಲರೂ ನಕ್ಕು ಒಪ್ಪಿದರು. 2017ರ ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಿತು.

ಮಾಡುವ ಕ್ರಮ ಹೀಗಿದೆ. ಮಾಡಿನ ಅಂಚಿಗೆ ಅರೆಪೈಪು ಕಟ್ಟಿ ನೀರನ್ನು ಒಂದು ಕಡೆಗೆ ತರಬೇಕು. ಅಲ್ಲಿಂದ ಜಲ್ಲಿ, ಇದ್ದಲು ಮತ್ತು ಮರಳು ಪದರ ಪದರವಾಗಿ ತುಂಬಿದ ಸೋಸು ತೊಟ್ಟಿಯ ಮೂಲಕ ಹಾಯಿಸಿ ತೆರೆದ ಬಾವಿಗೆ ಬಿಡಬೇಕು. ಸೋಸು ತೊಟ್ಟಿಗೆ ಮೊದಲು ನೀರನ್ನು ಹೊರಗೆ ಬಿಡುವ ಮುಚ್ಚಳವೊಂದು ಇರಲೇಬೇಕು. ಜೂನ್‌ನ ಮೊದಲ ಎರಡು ಮೂರು ಮಳೆಯಲ್ಲಿ ಮಾಡು ತೊಳೆದು ಬರುವ ಕೊಳೆಯನ್ನು ಬಾವಿಗೆ ಬಿಡಬಾರದು. ನಾವು ಮೊದಲ ವರ್ಷ ಇದನ್ನು ಮರೆತೆವು. ಗಂಟೆಗೋಪುರದ ಪಾರಿವಾಳಗಳ ಹಿಕ್ಕೆ ಸಮೇತ ನೀರು ಬಾವಿಗೆ ಇಳಿದು, ಹದಿನೈದು ದಿನ ಯಾರೂ ಆ ನೀರು ಮುಟ್ಟಲಿಲ್ಲ. ಗ್ರೊಟ್ಟೊದ ಬಣ್ಣದ ಪಕ್ಷದವರು ಏನು ಹೇಳಿರಬಹುದೆಂದು ನೀವೇ ಊಹಿಸಿ. ಬಾವಿ ತೋಡಿಸಿ, ಶುದ್ಧ ಮಾಡಿ, ಮುಚ್ಚಳ ಹಾಕಿಸಿದ ಮೇಲೆ ಸರಿಯಾಯಿತು. ಸೋಸು ತೊಟ್ಟಿಯ ಮರಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ತೊಳೆಯಬೇಕು. ಈ ಕೆಲಸಕ್ಕೆ ಒಬ್ಬರ ಹೆಸರು ನಿಗದಿಯಾಗಿರಲಿ. 'ಎಲ್ಲರೂ' ಎಂದರೆ ಯಾರೂ ಮಾಡುವುದಿಲ್ಲ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇಂಗುಗುಂಡಿ ಒಳ್ಳೆಯದೆಂದು ಕಡಿದಾದ ಗುಡ್ಡೆಯ ಬದಿಯಲ್ಲಿ, ಮನೆಯ ಹಿಂದಿನ ಎತ್ತರದ ಧರೆಯ ಮೇಲೆ ತೋಡಬೇಡಿ. ಇಳಿಜಾರಿನ ಮಣ್ಣಿಗೆ ಅತಿಯಾಗಿ ನೀರು ಕುಡಿಸಿದರೆ ಧರೆ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ವಯನಾಡಿನಲ್ಲಿ ಧಾರಾಕಾರ ಮಳೆಗೆ ಗುಡ್ಡಗಳೇ ಕುಸಿದದ್ದನ್ನು ನಾವು ಕಂಡಿದ್ದೇವೆ. ಸಮತಟ್ಟು ಜಾಗ, ಬಾವಿಯ ಸಮೀಪ, ಹಳೆಯ ಗದ್ದೆಯ ಅಂಚು ಇವು ಇದಕ್ಕೆ ಸರಿಯಾದ ಸ್ಥಳಗಳು.

ಚರ್ಚಿನ ಬಾವಿಯಲ್ಲಿ 2018ರ ಏಪ್ರಿಲ್ ಕೊನೆಗೆ ಏಳಡಿ ನೀರಿತ್ತು. ಇದೆಲ್ಲ ನಮ್ಮ ಪೈಪಿನ ಪವಾಡವೆಂದು ನಾನು ಹೇಳುವುದಿಲ್ಲ. ಬೇಸಗೆಯಲ್ಲಿ ಒಂದೆರಡು ಒಳ್ಳೆಯ ಮಳೆ ಬಂದರೂ ಲೆಕ್ಕ ಬದಲಾಗುತ್ತದೆ. ಆದ್ದರಿಂದಲೇ ಪ್ರತಿ ತಿಂಗಳ ಮೊದಲ ಆದಿತ್ಯವಾರ ಕ್ರೈಸ್ತ ಶಿಕ್ಷಣದ ಮಕ್ಕಳು ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಉಪದೇಶಕ್ಕಿಂತ ಆ ಹಗ್ಗದ ಮೇಲೆ ಅವರಿಗೆ ಹೆಚ್ಚು ಆಸಕ್ತಿ. 2019ರ ಬೇಸಗೆ ಕಠಿಣವಾಗಿತ್ತು, ನಾಲ್ಕೂವರೆ ಅಡಿಗೆ ಇಳಿಯಿತು. ಆದರೆ ಬತ್ತಲಿಲ್ಲ. ನೆರೆಯವರ ಬಾವಿಯಲ್ಲೂ ಕೊಡಪಾನ ಮುಳುಗುವಷ್ಟು ನೀರು ಉಳಿಯಿತು.

ಹಬ್ಬದ ಕಸದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಕಾನೂನೇ ಸ್ಪಷ್ಟವಾಗಿದೆ. 2016ರ ಮಾರ್ಚ್‌ನಿಂದ ರಾಜ್ಯದಲ್ಲಿ, 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳು ನಿಷೇಧದಲ್ಲಿವೆ. ಅದರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮೋಕೋಲ್ ಎಲ್ಲವೂ ಸೇರಿವೆ. ಕ್ರಿಸ್ಮಸ್ ಗೋದಲಿಗೆ ಥರ್ಮೋಕೋಲಿನ ಹಿಮ ಹಾಕುವವರು ಇದನ್ನು ಗಮನಿಸಬೇಕು. ಬೆತ್ಲೆಹೇಮಿನ ಹೆಸರಿನಲ್ಲಿ ನಮ್ಮ ಬಿಸಿಲೂರಿನಲ್ಲಿ ಹಿಮ ಏಕೆಂಬುದು ಬೇರೆ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಕೆಳಗಿನ ಮಂದಾರದ ಅಡಿಕೆ ತೋಟಗಳನ್ನು ಮುಚ್ಚಿತು, ಜನ ಮನೆ ಬಿಡಬೇಕಾಯಿತು. ಆ ರಾಶಿಯಲ್ಲಿ ನಮ್ಮ ಮದುವೆಗಳ, ಹಬ್ಬಗಳ ಲೋಟಗಳೂ ಇದ್ದಿರಬೇಕು.

ಕತ್ತರಿಸದೆ ಬಿಟ್ಟ ಮೂಲೆ

ವಿಶ್ವಪತ್ರದ 12ನೇ ಪರಿಚ್ಛೇದದಲ್ಲಿ ಒಂದು ಚಿಕ್ಕ ಸಂಗತಿ ಇದೆ. ಸಂತ ಫ್ರಾನ್ಸಿಸ್‌ರವರು ತಮ್ಮ ಮಠದ ತೋಟದ ಒಂದು ಭಾಗವನ್ನು ಹಾಗೆಯೇ ಬಿಡಬೇಕೆಂದು ಹೇಳುತ್ತಿದ್ದರಂತೆ. ಅಲ್ಲಿ ಕಾಡುಹೂಗಳು ಬೆಳೆಯಲಿ, ನೋಡಿದವರು ಸೃಷ್ಟಿಕರ್ತನನ್ನು ನೆನೆಯಲಿ ಎಂಬುದು ಉದ್ದೇಶ. ಇದನ್ನು ಓದಿದಾಗ ನನಗೆ ನಮ್ಮ ಚರ್ಚಿನ ಮೈದಾನ ನೆನಪಾಯಿತು. ಹಬ್ಬಕ್ಕೆ ಚೆಂದ ಕಾಣಬೇಕೆಂದು ಆಗಸ್ಟ್ ಕೊನೆಯ ವಾರ ಯಂತ್ರ ತಂದು ಎಲ್ಲ ಹುಲ್ಲನ್ನೂ ಸವರಿಸುತ್ತಿದ್ದೆವು. ಅಂದರೆ ಹೂವು ಬಿಡುವ ಹೊತ್ತಿಗೆ ಸರಿಯಾಗಿ ಗಿಡ ಕಡಿದು, ಹೂವಿಗಾಗಿ ಅಂಗಡಿಗೆ ಹೋಗುತ್ತಿದ್ದೆವು.

ಗುರುಗಳ ಅನುಮತಿಯಿಂದ 2018ರಲ್ಲಿ ಸಿಮಿತ್ರಿಯ ಹಿಂದಿನ ಒಂದು ಮೂಲೆಯನ್ನು ಸೆಪ್ಟೆಂಬರ್ ಮುಗಿಯುವವರೆಗೆ ಸವರದೆ ಬಿಟ್ಟೆವು. ಮೊದಲ ವರ್ಷ ಹುಲ್ಲು ಮಾತ್ರ ಬಂತು, "ಹಾವು ಬರುತ್ತದೆ" ಎಂಬ ದೂರೂ ಬಂತು. ಎರಡನೆಯ ವರ್ಷ ತುಂಬೆ ಕಾಣಿಸಿತು. ಗೌರಿ ಹೂವಿನ ಬೀಜವನ್ನು ಮಕ್ಕಳೇ ಅಜ್ಜಿಮನೆಗಳಿಂದ ತಂದು ಚೆಲ್ಲಿದರು. ಈಗ ನೊವೆನಾದಲ್ಲಿ ಒಂದು ದಿನ ಅಂಗಡಿ ಹೂವಿಗೆ ರಜೆ. ಆ ದಿನ ಮಕ್ಕಳು ತಮ್ಮ ಹಿತ್ತಲಿನ, ಬೇಲಿಯ, ಆ ಮೂಲೆಯ ಹೂವನ್ನು ಮಾತ್ರ ತರಬೇಕು, ಹೆಸರನ್ನೂ ಹೇಳಬೇಕು. ಕೊಂಕಣಿ, ತುಳು, ಕನ್ನಡ ಯಾವ ಭಾಷೆಯಲ್ಲಿ ಹೇಳಿದರೂ ಸರಿ.

ತೆನೆಯದ್ದು ಇನ್ನೂ ಕಷ್ಟದ ವಿಷಯ. ಫರಂಗಿಪೇಟೆಯ ಮೊಂತೆ ಮರಿಯಾನೊದ ಕಡೆಯಿಂದ ಹರಡಿತೆನ್ನುವ ಈ ಹಬ್ಬಕ್ಕೆ ಮೂಲವೇ ನೇತ್ರಾವತಿ ದಡದ ಗದ್ದೆಗಳು. ಇಂದು ಅನೇಕ ಧರ್ಮಕೇಂದ್ರಗಳು ತೆನೆಗಾಗಿ ದೂರದ ಹಳ್ಳಿಗಳಿಗೆ ಜನ ಕಳುಹಿಸುತ್ತವೆ. ಆದರೆ 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನದ ನಂತರ, ಪಾಳುಬಿಟ್ಟ ಗದ್ದೆಯನ್ನು ಮತ್ತೆ ಉಳಬಹುದೆಂಬ ಧೈರ್ಯ ಹಲವರಿಗೆ ಬಂದಿದೆ. ನಮ್ಮ ಯುವಕರೂ ಒಂದು ಹಡಿಲು ಗದ್ದೆಯನ್ನು ಗೇಣಿಗೆ ಪಡೆದು ಏಣೆಲು ಬೆಳೆ ಮಾಡುತ್ತಿದ್ದಾರೆ. ಲಾಭವಿಲ್ಲ, ತೆನೆ ಉಂಟು. ನನ್ನ ಗದ್ದೆ ಇದ್ದಿದ್ದರೆ ಕೊಡುತ್ತಿದ್ದೆ.

ಪೋಪ್ ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಅವರ ನಂತರ ಬಂದ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅದೇ ವರ್ಷದ ಜುಲೈಯಲ್ಲಿ, ಸೃಷ್ಟಿಯ ಪಾಲನೆಗಾಗಿ ಹೊಸದಾಗಿ ರಚಿಸಲಾದ ಬಲಿಪೂಜೆಯ ಪ್ರಾರ್ಥನೆಗಳನ್ನು ಬಳಸಿ ಕಾಸ್ತೆಲ್ ಗಂದೊಲ್ಫೊದಲ್ಲಿ ಪೂಜೆ ಅರ್ಪಿಸಿದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲವನ್ನು ಆಚರಿಸುವ ಧರ್ಮಕೇಂದ್ರಗಳಿಗೆ ಇದು ಅನುಕೂಲ. ನಮಗಂತೂ ಆ ಕಾಲದ ನಡುವೆಯೇ ಮೊಂತಿ ಹಬ್ಬ ಬರುತ್ತದೆ, ಬೇರೆ ಕಾರ್ಯಕ್ರಮ ಹುಡುಕಬೇಕಾಗಿಲ್ಲ.

2025ರ ನೊವೆನಾದಲ್ಲಿ ಹುಡುಗನೊಬ್ಬ ಆ ಮೂಲೆಯಿಂದ ನೇರಳೆ ಬಣ್ಣದ ಚಿಕ್ಕ ಹೂವೊಂದನ್ನು ತಂದು, "ಇದರ ಹೆಸರೇನು ಸರ್?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಸಂಜೆ ಹೂವನ್ನು ಹಿಡಿದುಕೊಂಡು ಕೆಳಗಿನ ಮನೆಗೆ ಹೋದೆ. ನೆರೆಯವರು ಅದನ್ನು ದೀಪದ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಅಮ್ಮನಿಗೆ ಗೊತ್ತಿತ್ತು ಪೊರ್ಬುಳೇ" ಎಂದರು. ಅವರ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳ ಪುಸ್ತಕದಲ್ಲಿ ಆ ಹೂವಿನ ಚಿತ್ರ ಬಿಡಿಸಿದ್ದಾರೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ.